ಬಾಣಂತನದ ಲೆಕ್ಕ

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕೆಂಬುದು ಬಹಳ ಹಳೆಯ ಕಟ್ಟಳೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಸೀಮೆಗಳ ಯಾವ ಹಳ್ಳಿಗೆ ಹೋದರೂ ಇದಕ್ಕೆ ಎರಡನೆಯ ಮಾತಿಲ್ಲ. ಬಸುರಿಗೆ ಐದೋ ಏಳೋ ತಿಂಗಳು ತುಂಬಿದಾಗ ಕುಬುಸದ ಕಾರ್ಯವಾಗುತ್ತದೆ. ತವರಿನವರು ಹಸಿರು ಬಳೆ, ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಬಗೆಬಗೆಯ ಬುತ್ತಿ ಹೊತ್ತು ಬರುತ್ತಾರೆ, ಮಗಳನ್ನು ಕರೆದೊಯ್ಯುತ್ತಾರೆ. ಹೆತ್ತ ಮೇಲೆ ಅವಳಿಗೆ ಹೊರಸು, ಹೊರಸಿನ ಕೆಳಗೆ ಕೆಂಡ, ಕಿವಿಗೆ ಅರಳೆ, ತಲೆಗೆ ಬಿಗಿದ ಬಟ್ಟೆ. ಅಳವಿಯ ಪಾಯಸ, ಅಂಟಿನ ಉಂಡಿ, ಶುಂಠಿಯ ಕಷಾಯ. ಮೂರು ತಿಂಗಳೋ ಐದು ತಿಂಗಳೋ ಅವಳು ನೀರಿನ ಕೊಡ ಎತ್ತುವಂತಿಲ್ಲ, ಬೀಸುವ ಕಲ್ಲಿನ ಮುಂದೆ ಕೂಡುವಂತಿಲ್ಲ. ಬಾಣಂತನವೆಂದರೆ ಇದು.

ಈ ಸಂಪ್ರದಾಯದ ಸೊಬಗನ್ನು ವರ್ಣಿಸಲು ನಾನಿಲ್ಲಿ ಹೊರಟಿಲ್ಲ. ಇದರೊಳಗೆ ಒಂದು ಲೆಕ್ಕಾಚಾರ ಅಡಗಿದೆ, ಅದನ್ನು ನೋಡಬೇಕೆಂಬುದು ನನ್ನ ಉದ್ದೇಶ. ಬಾಣಂತನವೆಂಬುದು ದುಡಿಮೆಯಿಂದ ಹೆಣ್ಣಿಗೆ ದೊರೆತ ಬಿಡುವು. ಆ ಬಿಡುವಿನ ಖರ್ಚನ್ನು ಹೊರುವವರು ತವರಿನವರು. ಹಾಗಾದರೆ ಈ ಬಿಡುವಿಗೆ ಅರ್ಹಳು ಯಾರು? ತವರಿನ ಹಗೇವಿನಲ್ಲಿ ಜೋಳವುಳ್ಳವಳು. ತವರಿನ ತಾಯಿಯೇ ಕೂಲಿಗೆ ಹೋಗುವವಳಾದರೆ, ತಂದೆ ಗುಳೆ ಹೋಗಿದ್ದರೆ, ಬಾಣಂತನ ಒಂಬತ್ತು ದಿನಕ್ಕೋ ಹನ್ನೆರಡು ದಿನಕ್ಕೋ ಮುಗಿದು ಹೋಗುತ್ತಿತ್ತು. ಹೊರಸಿನ ಕೆಳಗಿನ ಕೆಂಡ ಆರುವ ಮೊದಲೇ ಹೆತ್ತವಳು ಹೊಲದಲ್ಲಿರುತ್ತಿದ್ದಳು. ಕಟ್ಟಳೆ ಎಲ್ಲರಿಗೂ ಒಂದೇ. ಕಟ್ಟಳೆಯ ಫಲ ಮಾತ್ರ ಉಳ್ಳವರಿಗೆ.

ಬಡವರ ಮಗಳಿಗೆ ತವರು ಕೊಡಲಾರದ್ದನ್ನು ಕಾಯಿದೆ ಕೊಡಬೇಕೆಂಬ ವಿಚಾರ ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ೧೯೧೯ರಲ್ಲಿ ವಾಷಿಂಗ್‌ಟನ್ನಿನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಸಮ್ಮೇಳನ ಕೂಡಿತು. ಅಲ್ಲಿ ಅಂಗೀಕಾರವಾದ ಮೊದಲ ಕೆಲವೇ ಒಪ್ಪಂದಗಳಲ್ಲಿ ತಾಯ್ತನದ ರಕ್ಷಣೆಯ ಒಪ್ಪಂದವೂ ಒಂದು. ಹೆರಿಗೆಯ ಮುಂಚೆ ಆರು ವಾರ, ಹೆರಿಗೆಯ ನಂತರ ಆರು ವಾರ ಬಿಡುವು. ಆ ಅವಧಿಯಲ್ಲಿ ತಾಯಿಯ ಮಗುವಿನ ಪೋಷಣೆಗೆ ಸಾಲುವಷ್ಟು ಹಣ. ಕೆಲಸಕ್ಕೆ ಮರಳಿದ ಮೇಲೆ ಹಾಲೂಡಿಸಲು ದಿನಕ್ಕೆರಡು ಸಲ ಅರ್ಧ ಗಂಟೆಯ ವಿರಾಮ. ಇವು ಅದರ ಮುಖ್ಯ ಅಂಶಗಳು. ಹಣವು ಸರಕಾರದ ಬೊಕ್ಕಸದಿಂದಲೋ ವಿಮೆಯಿಂದಲೋ ಬರತಕ್ಕದ್ದೆಂದು ಅದು ಹೇಳಿತ್ತು. ಒಬ್ಬ ಧಣಿಯ ಕೈಯಿಂದಲ್ಲ. ಈ ಅಂಶವನ್ನು ನೆನಪಿನಲ್ಲಿಡಬೇಕು, ಮುಂದೆ ಇದರ ಮಾತು ಬರುತ್ತದೆ. ಭಾರತವು ಆ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ೧೯೨೪ರಲ್ಲಿ ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರು ಕೇಂದ್ರ ಶಾಸನ ಸಭೆಯಲ್ಲಿ ಮಂಡಿಸಿದ ಹೆರಿಗೆ ಸೌಲಭ್ಯದ ಮಸೂದೆಯೂ ಬಿದ್ದು ಹೋಯಿತು.

ಕೇಂದ್ರದಲ್ಲಿ ಬಿದ್ದದ್ದು ಮುಂಬಯಿ ಪ್ರಾಂತದಲ್ಲಿ ಎದ್ದು ನಿಂತಿತು. ಗಿರಣಿಗಳ ಹೆಂಗಸರಿಗಾಗಿ ತಂದ ಮಸೂದೆಯೊಂದು ೧೯೨೮ರಲ್ಲಿ ಅಲ್ಲಿನ ಶಾಸನ ಪರಿಷತ್ತಿನ ಮುಂದೆ ಬಂದಾಗ ಅದನ್ನು ಬೆಂಬಲಿಸಿ ಮಾತಾಡಿದವರಲ್ಲಿ ಡಾ. ಬಿ. ಆರ್. ಅಂಬೇಡ್ಕರರು ಒಬ್ಬರು. ಹೆರಿಗೆಯ ಹಿಂದುಮುಂದಿನ ದಿನಗಳಲ್ಲಿ ತಾಯಿಗೆ ವಿಶ್ರಾಂತಿ ದೊರೆಯುವುದು ಇಡೀ ರಾಷ್ಟ್ರದ ಹಿತವೆಂಬುದು ಅವರ ವಾದದ ತಿರುಳು. ಆದ್ದರಿಂದ ಅದರ ಹೊರೆಯ ಬಹುಭಾಗವನ್ನು ಸರಕಾರವೇ ಹೊರುವುದು ನ್ಯಾಯವೆಂದು ಅವರು ಒಪ್ಪಿಕೊಂಡರು; ಆದರೆ ಹೆಂಗಸರ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನು ಕೈತೊಳೆದುಕೊಳ್ಳುವಂತಿಲ್ಲವೆಂದೂ ಹೇಳಿದರು. ೧೯೨೯ರಲ್ಲಿ ಮುಂಬಯಿಯ ಹೆರಿಗೆ ಸೌಲಭ್ಯ ಕಾಯಿದೆ ಜಾರಿಗೆ ಬಂದಿತು. ನಮ್ಮ ದೇಶದಲ್ಲಿ ಈ ಬಗೆಯ ಮೊದಲ ಕಾಯಿದೆ ಅದು. ದಿನಕ್ಕೆ ಎಂಟಾಣೆ, ಅದೂ ಕೆಲವೇ ವಾರಗಳ ಮಟ್ಟಿಗೆ. ಅದನ್ನು ಪಡೆಯಬೇಕಾದರೆ ಹೆಂಗಸು ತಿಂಗಳುಗಟ್ಟಲೆ ಅದೇ ಗಿರಣಿಯಲ್ಲಿ ದುಡಿದಿರಬೇಕಾಗಿತ್ತು. ಅರ್ಹತೆಯ ಮಾತು ಅಂದೇ ಹುಟ್ಟಿಕೊಂಡಿತು.

ಈಗ ನಮ್ಮ ನಾಲ್ಕು ತಾಲೂಕುಗಳತ್ತ ತಿರುಗೋಣ. ಆಗ ಅವು ಮುಂಬಯಿ ಪ್ರಾಂತದಲ್ಲಿ ಇರಲಿಲ್ಲ. ನಿಜಾಮರ ಹೈದರಾಬಾದು ಸಂಸ್ಥಾನದ ಪಶ್ಚಿಮದ ಅಂಚಿನಲ್ಲಿದ್ದವು. ಕೊಪ್ಪಳ, ಯಲಬುರ್ಗಾ ತಾಲೂಕುಗಳಂತೂ ಸಾಲಾರಜಂಗರ ಮನೆತನದ ಜಹಗೀರು. ಯಲಬುರ್ಗಾದ ಹೊಲದಲ್ಲಿ ನಿಂತರೆ ಪಶ್ಚಿಮಕ್ಕೆ ಗದಗು, ರೋಣ. ಕುಷ್ಟಗಿಯ ಹೊಲದಲ್ಲಿ ನಿಂತರೆ ಬಾದಾಮಿ, ಹುನಗುಂದ. ಅವೆಲ್ಲ ಮುಂಬಯಿ ಪ್ರಾಂತ. ಒಂದೇ ಭಾಷೆ, ಒಂದೇ ಜೋಳದ ರೊಟ್ಟಿ, ಈಚೆಯವರ ಮಗಳು ಆಚೆಯವರ ಸೊಸೆ. ನಡುವೆ ಹಾದುಹೋಗುವ ಗಡಿ ಮಾತ್ರ ಎರಡು ಸರಕಾರಗಳನ್ನು ಬೇರ್ಪಡಿಸುತ್ತಿತ್ತು. ಅಂಬೇಡ್ಕರರು ಮಾತಾಡಿದ ಪರಿಷತ್ತಿನ ಕಾಯಿದೆ ಆಚೆಯ ಹಳ್ಳಿಯ ಕೂಲಿ ಹೆಂಗಸನ್ನು ಮುಟ್ಟಿತೆಂದು ನಾನು ಹೇಳಲಾರೆ. ಅದು ಗಿರಣಿಗಳಿಗಾಗಿ ಹುಟ್ಟಿದ್ದು. ಆದರೆ ಗಡಿಯ ಈಚೆಗೆ ಅದರ ಹೆಸರೂ ಸಲ್ಲುವಂತಿರಲಿಲ್ಲ.

೧೯೪೫ರ ಫೆಬ್ರುವರಿ ೨೮ರಂದು ತುಂಗಭದ್ರೆಯ ಎರಡೂ ದಡಗಳಲ್ಲಿ ಅಣೆಕಟ್ಟಿನ ಅಡಿಗಲ್ಲು ಬಿತ್ತು. ಎಡದಡ ಹೈದರಾಬಾದಿನದು, ಬಲದಡ ಮದರಾಸಿನದು. ಮುನಿರಾಬಾದಿನ ಬಯಲಿನಲ್ಲಿ ಹೊಸ ಊರೇ ಎದ್ದಿತು. ಸಿಮೆಂಟಿಗೆ ಬದಲಾಗಿ ಸುರ್ಕಿಗಾರೆಯಲ್ಲಿ ಕಲ್ಲು ಕಟ್ಟಿ ಎಬ್ಬಿಸಿದ ಆ ಅಣೆಕಟ್ಟಿಗೆ ಮನುಷ್ಯರ ತಲೆಯ ಮೇಲೆ ಬಂದು ಬಿದ್ದ ಬುಟ್ಟಿಗಳೆಷ್ಟೋ! ಆ ತಲೆಗಳಲ್ಲಿ ಹೆಂಗಸರ ತಲೆಗಳೂ ಇದ್ದವು. ೧೯೫೩ರಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿಯ ಕಪ್ಪು ನೆಲ ಭತ್ತದ ಗದ್ದೆಯಾಯಿತು. ಅಣೆಕಟ್ಟಿನ ಇತಿಹಾಸದಲ್ಲಿ ಎಂಜಿನಿಯರುಗಳ ಹೆಸರುಗಳಿವೆ, ಅಡಿಗಲ್ಲನ್ನಿಟ್ಟ ದೊಡ್ಡವರ ಹೆಸರುಗಳಿವೆ. ಬಸುರಿಯಾಗಿಯೇ ಕಲ್ಲು ಹೊತ್ತವಳಿಗೆ ಬಿಡುವು ಸಿಕ್ಕಿತೋ ಇಲ್ಲವೋ ಎಂಬುದನ್ನು ತಿಳಿಸುವ ಸಾಲು ನನ್ನ ಓದಿಗೆ ಸಿಕ್ಕಿಲ್ಲ.

ಇಷ್ಟರಲ್ಲಿ ದೇಶ ಬದಲಾಯಿತು. ೧೯೪೧ರಲ್ಲಿಯೇ ಗಣಿಗಳ ಹೆಂಗಸರಿಗಾಗಿ ಕೇಂದ್ರ ಸರಕಾರದ ಹೆರಿಗೆ ಸೌಲಭ್ಯ ಕಾಯಿದೆ ಬಂದಿತ್ತು. ಮುಂದೆ ವೈಸರಾಯರ ಮಂತ್ರಾಲೋಚನಾ ಸಭೆಯಲ್ಲಿ ಕಾರ್ಮಿಕ ಖಾತೆಯನ್ನು ನೋಡಿಕೊಂಡ ಅಂಬೇಡ್ಕರರ ಕಾಲದಲ್ಲಿ ಅದಕ್ಕೆ ತಿದ್ದುಪಡಿಗಳಾದವು. ಸಂವಿಧಾನದ ೪೨ನೆಯ ವಿಧಿ ನ್ಯಾಯಯುತವೂ ಮಾನವೀಯವೂ ಆದ ದುಡಿಮೆಯ ಸ್ಥಿತಿಯನ್ನೂ ಹೆರಿಗೆಯ ನೆರವನ್ನೂ ಕಲ್ಪಿಸುವುದು ರಾಜ್ಯದ ಹೊಣೆಯೆಂದು ಸಾರಿತು. ೧೯೪೮ರಲ್ಲಿ ಹೈದರಾಬಾದು ವಿಮೋಚನೆಗೊಂಡಿತು, ೧೯೪೯ರಲ್ಲಿ ಜಹಗೀರುಗಳು ಹೋದವು, ೧೯೫೬ರ ನವೆಂಬರ್ ೧ರಂದು ನಮ್ಮ ತಾಲೂಕುಗಳು ರಾಯಚೂರು ಜಿಲ್ಲೆಯೊಂದಿಗೆ ಮೈಸೂರು ರಾಜ್ಯವನ್ನು ಸೇರಿದವು. ಆಮೇಲೆ ೧೯೬೧ರಲ್ಲಿ ಇಡೀ ದೇಶಕ್ಕೊಂದು ಹೆರಿಗೆ ಸೌಲಭ್ಯ ಕಾಯಿದೆ ಬಂದಿತು. ಗಡಿಯ ಆಚೆ ಈಚೆ ಎಂಬ ಭೇದ ಅಲ್ಲಿಗೆ ಅಳಿಯಿತು.

ಆ ಕಾಯಿದೆಯ ಒಡಲನ್ನು ಸ್ವಲ್ಪ ನೋಡಬೇಕು. ಕಾರ್ಖಾನೆ, ಗಣಿ, ತೋಟಗಳ ಹೆಂಗಸರಿಗೆ ಹನ್ನೆರಡು ವಾರ ಪಗಾರಸಹಿತ ಬಿಡುವು. ಹೆರಿಗೆಯಾದ ಆರು ವಾರದೊಳಗೆ ಅವಳನ್ನು ಯಾರೂ ಕೆಲಸಕ್ಕೆ ಹಚ್ಚಬಾರದು. ಬಿಡುವಿನಲ್ಲಿರುವಾಗ ಕೆಲಸದಿಂದ ತೆಗೆಯಬಾರದು. ಗರ್ಭಪಾತವಾದರೆ ಆರು ವಾರ. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆರಡು ವಿರಾಮ. ಬಸುರಿಯೆಂಬ ದಾಖಲೆ ಕೊಟ್ಟರೆ ಹೆರಿಗೆಯ ಮುಂಚಿನ ಅವಧಿಯ ಹಣ ಮುಂಗಡವಾಗಿ, ಹೆತ್ತ ದಾಖಲೆ ಕೊಟ್ಟರೆ ಉಳಿದದ್ದು ನಲವತ್ತೆಂಟು ಗಂಟೆಯೊಳಗಾಗಿ ಸಲ್ಲಬೇಕು. ಎಲ್ಲವೂ ಒಳ್ಳೆಯ ಮಾತುಗಳೇ. ಆದರೆ ಈ ಮನೆಯನ್ನು ಹೊಗಲು ಒಂದೇ ಬಾಗಿಲು. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ಅವಳು ೧೬೦ ದಿನ ಕೆಲಸ ಮಾಡಿರಬೇಕು.

ನೂರರುವತ್ತು ದಿನವೆಂದರೆ ವಾರಕ್ಕಾರು ದಿನದ ಲೆಕ್ಕದಲ್ಲಿ ಹತ್ತಿರ ಹತ್ತಿರ ಇಪ್ಪತ್ತೇಳು ವಾರ, ಆರು ತಿಂಗಳಿಗೂ ಮಿಗಿಲು. ಆ ಹನ್ನೆರಡು ತಿಂಗಳಲ್ಲಿ ಒಂಬತ್ತು ತಿಂಗಳು ಅವಳು ಬಸುರಿಯೇ ಆಗಿರುತ್ತಾಳೆಂಬುದನ್ನು ಲೆಕ್ಕ ಹಾಕಿದವರು ಎಷ್ಟು ಯೋಚಿಸಿದ್ದರೋ ತಿಳಿಯದು. ವರ್ಷವಿಡೀ ನಡೆಯುವ ನೂಲಿನ ಗಿರಣಿಗೆ ಈ ಅಳತೆ ಒಪ್ಪುತ್ತದೆ. ನಮ್ಮ ಕಡೆಯ ಅರಳೆಯ ಗಿರಣಿ ಹತ್ತಿಯ ಸುಗ್ಗಿಯೊಂದಿಗೆ ಕಣ್ಣು ತೆರೆದು ಸುಗ್ಗಿಯೊಂದಿಗೆ ಮುಚ್ಚುತ್ತದೆ. ಅಕ್ಕಿಯ ಗಿರಣಿಗೂ ಭತ್ತ ಬಂದಾಗಲೇ ಭರ. ಅಲ್ಲಿ ಅಂಗಳದಲ್ಲಿ ಭತ್ತ ಹರವುವ ಹೆಂಗಸು ವರ್ಷಕ್ಕೆ ನೂರಿಪ್ಪತ್ತು ದಿನ ಒಂದು ಕಡೆ ದುಡಿದರೆ ಹೆಚ್ಚು. ಕಾಯಿದೆ ಅವಳ ಗಿರಣಿಯನ್ನು ಒಳಗೊಂಡಿತು. ಅವಳನ್ನು ಹೊರಗೆ ನಿಲ್ಲಿಸಿತು.

ಇಲ್ಲಿ ನನ್ನದೊಂದು ಮಾತು ಹೇಳಬೇಕಾಗಿದೆ. ಹೇಳದಿದ್ದರೆ ಈ ವಿಷಯವನ್ನು ನಾನೇಕೆ ಎತ್ತಿಕೊಂಡೆನೆಂಬುದು ತಿಳಿಯುವುದಿಲ್ಲ.

೧೯೭೯ರಲ್ಲಿ, ಓದು ಮುಗಿದ ಹೊಸತರಲ್ಲಿ, ನಾನು ಗಂಗಾವತಿ ಕಡೆಯ ಒಂದು ಉಪಕಾಲುವೆಯ ದುರಸ್ತಿಯ ಕೆಲಸದಲ್ಲಿ ಹಾಜರಿ ಬರೆಯುವ ಗುಮಾಸ್ತನಾಗಿದ್ದೆ. ಕೆಲಸ ಯಾರದೆಂಬುದು ಇಲ್ಲಿ ಮುಖ್ಯವಲ್ಲ. ಗಂಡಸು ಅಗೆಯುವುದು, ಹೆಂಗಸು ಹೊರುವುದು; ಅಗೆದ ಮಣ್ಣನ್ನು ಅಳೆದು ಇಬ್ಬರಿಗೂ ಕೂಡಿ ಕೂಲಿ. ಆದ್ದರಿಂದ ನಾವು ಪುಸ್ತಕದಲ್ಲಿ ಗಂಡನ ಹೆಸರು ಬರೆದು ಪಕ್ಕದಲ್ಲಿ ‘ಜೋಡಿ’ ಎಂದು ಹಾಕುತ್ತಿದ್ದೆವು. ನನಗಿಂತ ಮುಂಚೆ ಇದ್ದವರು ಹಾಗೆ ಬರೆಯುತ್ತಿದ್ದರು, ನಾನೂ ಹಾಗೆಯೇ ಬರೆದೆ. ಹಾಳೆಯೂ ಉಳಿಯುತ್ತಿತ್ತು, ಹೊತ್ತೂ ಉಳಿಯುತ್ತಿತ್ತು.

ಒಂದು ದಿನ ಮಧ್ಯಾಹ್ನ ಬುತ್ತಿಯ ಹೊತ್ತಿನಲ್ಲಿ ತುಂಬಿದ ಬಸುರಿಯೊಬ್ಬಳು ನನ್ನ ಬಳಿ ಬಂದಳು. ಕುಷ್ಟಗಿ ಕಡೆಯಿಂದ ಗುಳೆ ಬಂದವಳು.

“ಸಾಹೇಬ್ರ, ನನ್ನ ದಿನ ಎಷ್ಟಾದ್ವು ನೋಡ್ರಿ. ಹೆರಿಗಿ ಆದೋರಿಗೆ ಕೂತ ದಿನದ ಪಗಾರಾನೂ ಕೊಡತಾರಂತ, ದವಾಖಾನಿ ನರ್ಸಮ್ಮಾರು ಹೇಳ್ಯಾರ” ಎಂದಳು.

ನಾನು ಪುಸ್ತಕ ತೆರೆದೆ. ಹಾಳೆ ತಿರುವಿದೆ. ಅವಳ ಹೆಸರು ಎಲ್ಲಿಯೂ ಇರಲಿಲ್ಲ.

“ಯಕ್ಕಾ, ನಿನ್ನ ಹೆಸರು ಇದರಾಗ ಇಲ್ಲ. ನಿನ್ನ ಗಂಡನ ಹೆಸರಿನಾಗ ಜೋಡಿ ಅಂತ ಬರದೈತಿ.”

ಅವಳು ಆ ಪುಸ್ತಕವನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಆಮೇಲೆ, “ಹಂಗಾರ ನಾ ಹೊತ್ತ ಬುಟ್ಟಿ ಯಾರು ಹೊತ್ತಂಗಾತ್ರೀ?” ಎಂದಳು.

ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂಬ ಕುತೂಹಲವೇ ಇತ್ತು. ನನ್ನಲ್ಲಿ ಉತ್ತರವಿರಲಿಲ್ಲ. ಎರಡು ವಾರದ ಮೇಲೆ ಅವಳು ಗುಡಿಸಲಿನಲ್ಲಿ ಹೆತ್ತಳು. ಹನ್ನೆರಡನೆಯ ದಿನ ಜಾಲಿಯ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ, ಕೂಸನ್ನು ಅದರಲ್ಲಿ ಮಲಗಿಸಿ, ಬುಟ್ಟಿ ಹೊತ್ತಳು. ಅಂದಿನಿಂದ ಅವಳ ಹೆಸರನ್ನು ಬೇರೆಯಾಗಿ ಬರೆದೆ. ತಡವಾಗಿ ಬರೆದ ಹೆಸರು ಅವಳಿಗೆ ಯಾವ ಉಪಯೋಗಕ್ಕೂ ಬರಲಿಲ್ಲ.

ನ್ಯಾಯವಾಗಿ ಹೇಳುವುದಾದರೆ, ಮೊದಲ ದಿನದಿಂದಲೇ ನಾನು ಅವಳ ಹೆಸರು ಬರೆದಿದ್ದರೂ ಅಂದಿನ ಕಾಯಿದೆ ಅವಳನ್ನು ಮುಟ್ಟುತ್ತಿತ್ತೆಂಬ ಭರವಸೆಯಿಲ್ಲ. ಕಾಲುವೆಯು ಕಾರ್ಖಾನೆಯಲ್ಲ, ಗಣಿಯಲ್ಲ, ತೋಟವಲ್ಲ. ನರ್ಸಮ್ಮನವರು ಹೇಳಿದ್ದು ಕಾಯಿದೆಯ ಆಶಯವನ್ನು, ಕಾಯಿದೆಯ ವ್ಯಾಪ್ತಿಯನ್ನಲ್ಲ. ಆದರೂ ನನ್ನ ಪಾಲಿನ ತಪ್ಪು ತಪ್ಪೇ. ಮುಂದೆ ನ್ಯಾಯಾಲಯಗಳು ಬಾಗಿಲನ್ನು ಅಗಲ ಮಾಡುತ್ತ ಬಂದಾಗಲೆಲ್ಲ ನನಗೆ ಆ ಹಾಳೆಗಳು ನೆನಪಾದವು.

ಬಾಗಿಲು ಅಗಲವಾದ ಬಗೆಯನ್ನು ಕ್ರಮವಾಗಿ ಹೇಳುತ್ತೇನೆ. ೧೯೭೭ರಲ್ಲಿ ಕೊಯಮತ್ತೂರು ಕಡೆಯ ತೋಟದ ಹೆಂಗಸೊಬ್ಬಳ ಮೊಕದ್ದಮೆ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಹನ್ನೆರಡು ವಾರದ ಹಣವೆಂದರೆ ವಾರಕ್ಕಾರು ದಿನದ್ದೋ ಏಳು ದಿನದ್ದೋ ಎಂಬುದು ವ್ಯಾಜ್ಯ. ವಾರವೆಂದರೆ ಏಳು ದಿನವೇ, ಭಾನುವಾರವೂ ಸೇರಬೇಕು ಎಂದು ನ್ಯಾಯಾಲಯ ತೀರ್ಪಿತ್ತಿತು. ತಾಯಿಗಾಗಿ ಮಾಡಿದ ಕಾಯಿದೆಯನ್ನು ತಾಯಿಗೆ ಅನುಕೂಲವಾಗುವಂತೆ ಓದಬೇಕೆಂಬುದು ಅದರ ಸಾರ. ೧೯೮೮ರ ತಿದ್ದುಪಡಿ ೧೬೦ ದಿನವನ್ನು ೮೦ ದಿನಕ್ಕೆ ಇಳಿಸಿತು; ಹತ್ತು ಅಥವಾ ಹೆಚ್ಚು ಜನ ದುಡಿಯುವ ಅಂಗಡಿ ಮುಂಗಟ್ಟುಗಳನ್ನೂ ಒಳಗೆ ತಂದಿತು. ಎಂಬತ್ತು ದಿನವೆಂದರೆ ಮೂರು ತಿಂಗಳ ಮಾತು. ಸುಗ್ಗಿಯ ಗಿರಣಿಯ ಹೆಂಗಸಿಗೆ ಮೊದಲ ಬಾರಿ ಕಾಯಿದೆ ಕೈಗೆಟುಕಿತು. ಬೀಗಮುದ್ರೆಯಾಗಿ ಕೆಲಸ ನಿಂತ ದಿನಗಳಲ್ಲ, ಧಣಿಯೇ ಕೆಲಸವಿಲ್ಲವೆಂದು ಕೂಡಿಸಿದ ದಿನಗಳೂ ಪಗಾರದ ರಜೆಗಳೂ ಈ ಎಣಿಕೆಯಲ್ಲಿ ಸೇರುತ್ತವೆಂಬುದನ್ನು ಬಲ್ಲವರು ಮಾತ್ರ ಕಡಿಮೆ.

೨೦೦೦ದ ಮಾರ್ಚ್ ೮ರಂದು ಬಂದ ತೀರ್ಪು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ದಿಲ್ಲಿಯ ನಗರಪಾಲಿಕೆಯ ರಸ್ತೆ ಕೆಲಸದಲ್ಲಿ ವರ್ಷಗಟ್ಟಲೆ ಮಸ್ಟರ್ ರೋಲಿನ ಮೇಲೆ ದುಡಿದ ಹೆಂಗಸರು ಹೆರಿಗೆ ರಜೆ ಕೇಳಿದ್ದರು. ಅವರು ದಿನಗೂಲಿಯವರು, ಕಾಯಿದೆ ಅವರಿಗೆ ಸಲ್ಲದು ಎಂಬುದು ಪಾಲಿಕೆಯ ವಾದ. ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ತಾಯ್ತನವೆಂಬುದು ಕಾಯಂ ನೌಕರಳಿಗೂ ದಿನಗೂಲಿಯವಳಿಗೂ ಒಂದೇ ಎಂದು ಎತ್ತಿ ಹಿಡಿಯಿತು. ಬುಟ್ಟಿ ಹೊರುವವಳಿಗೂ ಬಾಗಿಲು ತೆರೆಯಿತು. ಆ ತೀರ್ಪನ್ನು ಓದಿದ ದಿನ ನಾನು ಯೋಚಿಸಿದ್ದು ಒಂದೇ ಸಂಗತಿ: ಆ ಹೆಂಗಸರು ಗೆದ್ದದ್ದು ಮಸ್ಟರ್ ರೋಲಿನಲ್ಲಿ ಅವರ ಹೆಸರಿದ್ದುದರಿಂದ.

ಮುಂದಿನದನ್ನು ಬೇಗ ಹೇಳಬಹುದು. ೨೦೧೭ರ ತಿದ್ದುಪಡಿ ಮೊದಲೆರಡು ಮಕ್ಕಳಿಗೆ ಬಿಡುವನ್ನು ಹನ್ನೆರಡು ವಾರದಿಂದ ಇಪ್ಪತ್ತಾರು ವಾರಕ್ಕೆ ಏರಿಸಿತು. ಐವತ್ತು ಜನರಿರುವಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಮನೆ ಇರಬೇಕೆಂದಿತು. ಗುತ್ತಿಗೆಯ ಅವಧಿ ಮುಗಿದ ಮಾತ್ರಕ್ಕೆ ಅರ್ಹಳಾದವಳ ಹೆರಿಗೆ ಸೌಲಭ್ಯ ನಿಲ್ಲದೆಂದು ೨೦೨೩ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ೨೦೨೫ರ ನವೆಂಬರ್ ೨೧ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ೧೯೬೧ರ ಕಾಯಿದೆ ಅದರಲ್ಲಿ ಲೀನವಾಯಿತು. ಎಂಬತ್ತು ದಿನದ ನಿಯಮವೂ ಇಪ್ಪತ್ತಾರು ವಾರದ ಬಿಡುವೂ ಅದರಲ್ಲಿ ಉಳಿದಿವೆ. ಆದರೆ ವಿಮೆಯ ವ್ಯವಸ್ಥೆಗೆ ಒಳಪಡದ ಕಡೆಗಳಲ್ಲಿ ಆ ಇಪ್ಪತ್ತಾರು ವಾರದ ಪಗಾರವನ್ನು ಧಣಿಯೊಬ್ಬನೇ ಕೊಡಬೇಕು. ವಾಷಿಂಗ್‌ಟನ್ನಿನ ಒಪ್ಪಂದ ಬೇಡವೆಂದದ್ದು ಇದನ್ನೇ; ಅಂಬೇಡ್ಕರರು ಹೊರೆಯ ಬಹುಭಾಗ ಸರಕಾರದ್ದೆಂದದ್ದೂ ಇದಕ್ಕಾಗಿಯೇ. ಹೊರೆ ಒಬ್ಬನ ಮೇಲೆ ಬಿದ್ದರೆ ಅವನು ಹೊರೆಯನ್ನು ತಪ್ಪಿಸಿಕೊಳ್ಳಲು ಹೆಣ್ಣಾಳನ್ನೇ ಬೇಡವೆಂದಾನು, ಇಲ್ಲವೆ ಎಪ್ಪತ್ತೊಂಬತ್ತನೆಯ ದಿನಕ್ಕೆ ಅವಳ ಹೆಸರು ಹೊಡೆದಾನು.

ಇಷ್ಟಾದರೂ ನಮ್ಮ ನಾಲ್ಕು ತಾಲೂಕುಗಳ ಹೆಂಗಸರಲ್ಲಿ ಎಷ್ಟು ಜನ ಈ ಬಾಗಿಲಿನ ಮುಂದೆ ನಿಲ್ಲಬಲ್ಲರು? ಗಂಗಾವತಿಯ ಗದ್ದೆಯಲ್ಲಿ ನಾಟಿ ಹಚ್ಚುವ ಗುಂಪು ಎಕರೆಗಿಷ್ಟೆಂದು ಗುತ್ತಿಗೆ ಹಿಡಿಯುತ್ತದೆ. ಇಂದು ಒಬ್ಬರ ಗದ್ದೆ, ನಾಳೆ ಇನ್ನೊಬ್ಬರದು. ಕೊಪ್ಪಳ, ಕುಷ್ಟಗಿಗಳ ಹೊಲಗಳಲ್ಲಿ ಹೈಬ್ರಿಡ್ ಬೀಜಕ್ಕಾಗಿ ಹೂವಿಗೆ ಹೂ ಮುಟ್ಟಿಸಿ ಪರಾಗ ಕೂಡಿಸುವ ಕೈಗಳು ಹೆಚ್ಚಾಗಿ ಹೆಣ್ಣಿನವು. ಹೊಲ ಒಬ್ಬರದು, ಬೀಜ ಕೊಳ್ಳುವವರು ಮತ್ತೊಬ್ಬರು. ದೋಟಿಹಾಳ, ಹನುಮಸಾಗರಗಳ ನೇಕಾರರ ಮನೆಯಲ್ಲಿ ನೂಲು ಸುತ್ತುವವಳಿಗೆ ಗಂಡನೇ ಧಣಿ. ಇವರೆಲ್ಲ ಎಂಬತ್ತಲ್ಲ, ಇನ್ನೂರೆಂಬತ್ತು ದಿನ ದುಡಿಯುತ್ತಾರೆ. ಆದರೆ ಆ ದಿನಗಳನ್ನು ಒಂದು ಪುಸ್ತಕದಲ್ಲಿ, ಒಂದು ಹೆಸರಿನ ಕೆಳಗೆ ಬರೆದಿಡುವವರಿಲ್ಲ.

ಅವರಿಗಾಗಿ ಸರಕಾರ ಬೇರೆ ದಾರಿಗಳನ್ನು ಮಾಡಿದೆ. ೨೦೧೩ರ ಆಹಾರ ಭದ್ರತಾ ಕಾಯಿದೆ ಪ್ರತಿ ತಾಯಿಗೆ ಆರು ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ನೆರವು ಸಲ್ಲಬೇಕೆಂದಿತು. ೨೦೧೭ರಿಂದ ನಡೆದಿರುವ ಮಾತೃವಂದನಾ ಯೋಜನೆ ಮೊದಲ ಮಗುವಿಗೆ ಐದು ಸಾವಿರ ಕೊಡುತ್ತದೆ. ೨೦೨೨ರ ನಂತರ ಎರಡನೆಯದು ಹೆಣ್ಣಾದರೆ ಆರು ಸಾವಿರ. ಐದು ಸಾವಿರವನ್ನು ಇಪ್ಪತ್ತಾರು ವಾರಕ್ಕೆ ಹಂಚಿದರೆ ದಿನಕ್ಕೆ ಮೂವತ್ತು ರೂಪಾಯಿಯೂ ಆಗದು. ಅದೇ ೨೦೧೭ರ ಅಕ್ಟೋಬರಿನಿಂದ ನಮ್ಮ ರಾಜ್ಯದ ಅಂಗನವಾಡಿಗಳಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ ಬಂದಿತು. ಆ ಊಟ ಬಡಿಸುವ ಅಂಗನವಾಡಿಯ ಹೆಣ್ಣುಮಕ್ಕಳಿಗೆ ದೊರೆಯುವುದು ಪಗಾರವಲ್ಲ, ಗೌರವಧನ. ಅವರು ಸರಕಾರಿ ಹುದ್ದೆಯವರಲ್ಲವೆಂದು ಕರ್ನಾಟಕದಿಂದಲೇ ಹೋದ ಮೊಕದ್ದಮೆಯಲ್ಲಿ ೨೦೦೬ರಲ್ಲಿ ತೀರ್ಪಾಗಿದೆ. ಕಟ್ಟಡ ಕಾರ್ಮಿಕರಿಗಾಗಿ ೧೯೯೬ರ ಕಾಯಿದೆಯಿಂದ ಹುಟ್ಟಿದ ಮಂಡಳಿಯುಂಟು. ಅಲ್ಲಿ ಹೆರಿಗೆಯ ನೆರವೂ ಉಂಟು. ಅದಕ್ಕೆ ಹೆಸರು ಹಚ್ಚಬೇಕಾದರೆ ವರ್ಷದಲ್ಲಿ ತೊಂಬತ್ತು ದಿನ ದುಡಿದ ದಾಖಲೆ ಬೇಕು. ಮತ್ತೆ ದಿನದ ಲೆಕ್ಕ, ಮತ್ತೆ ಕಾಗದದ ಮಾತು.

೨೦೦೫ರ ಉದ್ಯೋಗ ಖಾತರಿ ಕಾಯಿದೆ ಬಂದ ಮೇಲೆ ನಮ್ಮ ಕಡೆಯ ಕೆರೆ ಹೂಳೆತ್ತುವ ಕೆಲಸವೊಂದನ್ನು ನೋಡಲು ಹೋಗಿದ್ದೆ. ಐದು ಕೂಸುಗಳು ಜೊತೆಗಿದ್ದರೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಬಿಡಬೇಕೆಂಬ ನಿಯಮ ಅದರಲ್ಲಿತ್ತು. ಹೆರಿಗೆಯ ಪಗಾರ ಮಾತ್ರ ಇರಲಿಲ್ಲ. ಆದರೆ ಹಾಜರಿಯ ಹಾ‌ಳೆಯನ್ನು ಕೇಳಿ ನೋಡಿದಾಗ ಗಂಡನದೊಂದು ಸಾಲು, ಹೆಂಡತಿಯದೊಂದು ಸಾಲು. ಹೆಂಡತಿಯ ಹೆಸರಿನ ಮುಂದೆ ಅವಳದೇ ದಿನಗಳು, ಅವಳದೇ ಹೆಬ್ಬೆಟ್ಟು. ‘ಜೋಡಿ’ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಸಣ್ಣ ಸಂಗತಿಯೆಂದು ಯಾರಾದರೂ ನಕ್ಕಾರು. ನಾನು ಆ ಹಾಳೆಯನ್ನು ಎರಡು ಸಲ ಓದಿದೆ.

ಕೊಪ್ಪಳದಲ್ಲಿ ಗವಿಮಠದ ಗುಡ್ಡದ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿವೆ. ಇಪ್ಪತ್ತೆರಡು ನೂರು ವರ್ಷಗಳಿಗೂ ಹಿಂದಿನ ಮಾತನ್ನು ನಾವು ಇಂದಿಗೂ ನಂಬುವುದು ಅದನ್ನು ಕಲ್ಲಿನಲ್ಲಿ ಬರೆದಿಟ್ಟಿರುವುದರಿಂದ. ಬರೆದವರ ಮಾತು ನಡೆಯುತ್ತದೆ. ಕೂಲಿಯವಳಿಗೆ ಕಲ್ಲಿನ ಬರಹ ಬೇಡ. ನಾಟಿಯ ಗುಂಪಿನ ಮುಖಂಡಳಾಗಲಿ, ಗಿರಣಿಯ ಗುಮಾಸ್ತನಾಗಲಿ, ಬೀಜದ ಹೊಲದ ಒಡೆಯನಾಗಲಿ ಎರಡಾಣೆಯ ನೋಟುಬುಕ್ಕಿನಲ್ಲಿ ಅವಳ ಹೆಸರು ಬರೆದು ದಿನಕ್ಕೊಂದು ಗೀಟು ಹಾಕಿದರೂ ಸಾಕು, ನಾಳೆ ಕಾಯಿದೆ ಅವಳ ಮನೆಯ ಬಾಗಿಲಿಗೆ ಬಂದಾಗ ತೋರಿಸಲು ಏನಾದರೂ ಇರುತ್ತದೆ. ಪಟ್ಟಣದಲ್ಲಿರುವ ನಾವೂ ಇದರಿಂದ ಹೊರತಲ್ಲ. ಮನೆಗೆಲಸಕ್ಕೆ ಬರುವವಳ ಬಸುರು ಕಂಡಾಗ ನಾವು ಅವಳ ಜಾಗಕ್ಕೆ ಇನ್ನೊಬ್ಬಳನ್ನು ಹುಡುಕುತ್ತೇವೆ. ಅವಳು ನಮ್ಮಲ್ಲಿ ಎಷ್ಟು ದಿನ ದುಡಿದಳೆಂದು ಎಣಿಸುವುದಿಲ್ಲ.

ಅಂದು ಜಾಲಿಯ ಮರದ ಜೋಳಿಗೆಯಲ್ಲಿ ಮಲಗಿದ್ದ ಕೂಸಿಗೆ ಈಗ ನಲವತ್ತು ದಾಟಿರಬೇಕು. ಅದು ಹೆಣ್ಣುಕೂಸು. ಅವಳೂ ಹೆತ್ತಿರಬಹುದು, ಅವಳ ದಿನಗಳನ್ನು ಯಾರಾದರೂ ಬರೆದಿಟ್ಟಿದ್ದರೋ ಇಲ್ಲವೋ. ಅವಳ ತಾಯಿ ಕೇಳಿದ ಪ್ರಶ್ನೆಗೆ ನಾನು ಇಂದೂ ಉತ್ತರ ಹೇಳಲಾರೆ. ಬುಟ್ಟಿ ಹೊತ್ತವಳು ಅವಳೇ ಎಂದು ಇಷ್ಟು ವರ್ಷಗಳ ಮೇಲೆ ನಾಲ್ಕು ಜನರ ಮುಂದೆ ಹೇಳಿದ್ದೇನೆ, ಅಷ್ಟೆ.

(ಬಾನುಲಿ ಭಾಷಣ)